ಮಾರೆಮ್ಮನ ಎದೆಯ ಒಕ್ಕಲು

ಜೂನ್ ೧೧, ಮಂಗಳವಾರ

ಕುರುಗೋಡಿನಿಂದ ನಾಗಲಕ್ಷ್ಮಿ ಫೋನ್ ಮಾಡಿದ್ದಳು. ನನ್ನ ಗಂಡ ವಿರೂಪಾಕ್ಷಿ ತೀರಿಹೋದ ಮೇಲೆ ಅವನ ತಂಗಿಯ ದನಿ ಕೇಳಿದ್ದು ಇದೇ ಮೊದಲು. ಅವಳು ಕುಶಲ ಕೇಳಲಿಲ್ಲ, ನಾನೂ ಕೇಳಲಿಲ್ಲ.

"ಅವ್ವಗ ಕೆಮ್ಮು ಬಾಳ ಆಗೈತಿ ಅತ್ತಿಗಿ. ಸಿರುಗುಪ್ಪದಾಗ ತೋರ್ಸಿದ್ವಿ, ಬಳ್ಳಾರಿಗಿ ಕರ್ಕಂಡು ಹೋಗ್ರಿ ಅಂದ್ರು. ನಮ್ಮನ್ಯಾಗ ನೋಡಿದ್ರ ನಮ್ಮತ್ತಿ ಹಾಸಿಗಿ ಹಿಡದಾಳ, ಹುಡುಗ್ರು ಸಣ್ಣವು. ಒಂದೆಂಟು ದಿನ ನಿನ್ನತ್ರ ಇಟ್ಗಂತಿಯೇನು?"

ಇಲ್ಲ ಅನ್ನುವುದಕ್ಕೇ ಬಾಯಿ ತೆರೆದದ್ದು. ಬಂದ ಮಾತು "ಕಳಿಸು" ಎಂದು.

ವಿರೂಪಾಕ್ಷಿಯ ತಾಯಿ ಮಾರೆಮ್ಮ ಇದುವರೆಗೆ ಈ ಮನೆಯ ಹೊಸ್ತಿಲು ತುಳಿದವರಲ್ಲ. ನಮ್ಮ ಮದುವೆಗೆ ಅವರು ಬರಲಿಲ್ಲ, ನಮ್ಮಪ್ಪನೂ ಬರಲಿಲ್ಲ. ಜಾತಿ ಬೇರೆ ಎನ್ನುವ ಒಂದು ವಿಷಯದಲ್ಲಿ ಮಾತ್ರ ಎರಡೂ ಮನೆಯವರಿಗೆ ಒಮ್ಮತವಿತ್ತು. ಮೂರು ವರ್ಷದ ಹಿಂದೆ, ಸಿರುಗುಪ್ಪಕ್ಕೆ ಹೋಗಿ ವಾಪಸು ಬರುತ್ತಿದ್ದ ಅವನ ಬೈಕಿಗೆ ಲಾರಿ ಹೊಡೆಯಿತು. ಮಣ್ಣು ಮಾಡುವ ಜಾಗದಲ್ಲಿ ಎಲ್ಲರೆದುರಿಗೆ ಮಾರೆಮ್ಮ ನನ್ನ ಕಡೆ ಕೈ ತೋರಿಸಿ "ಇಕಿ ನುಂಗಿದ್ಲು ನನ್ನ ಮಗನ್ನ" ಅಂದರು. ನಾನೂ ಸುಮ್ಮನಿರಲಿಲ್ಲ. "ನಿಮ್ಮನ್ನ ನೋಡಾಕ ಬಂದು ಸತ್ತ" ಅಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಎಂಟು ದಿನ ತಾನೆ. ಹೇಗೋ ಕಳೆಯುತ್ತದೆ.

ಜೂನ್ ೧೫, ಶನಿವಾರ

ನಾಗಲಕ್ಷ್ಮಿಯ ಗಂಡ ತಿಪ್ಪೇಸ್ವಾಮಿ ಬಸ್ಸಿನಲ್ಲಿ ಕರೆತಂದು ಬಿಟ್ಟುಹೋದ. ಚಹಾ ಕೂಡ ಕುಡಿಯಲಿಲ್ಲ. ಮಾರೆಮ್ಮನವರ ಕೈಯಲ್ಲಿ ಒಂದು ಬಟ್ಟೆಯ ಚೀಲ. ಒಳಗೆ ಎರಡು ಸೀರೆ, ಸ್ವಂತದ ತಟ್ಟೆ, ಸ್ವಂತದ ಲೋಟ. ಕಂಟೋನ್ಮೆಂಟಿನ ಈ ಹಳೆಯ ಮನೆಯ ಎತ್ತರದ ಸೂರನ್ನು ಕತ್ತೆತ್ತಿ ನೋಡಿದರು. ಗೋಡೆಯ ಮೇಲಿದ್ದ ಮಗನ ಫೋಟೋದ ಕಡೆ ತಿರುಗಲಿಲ್ಲ.

"ಮೇಡಮ್ಮೋರ ಮನ್ಯಾಗ ಮೀನ ಬೇಯಿಸಾಕ ಬರಂಗಿಲ್ಲೇನೋ" ಅಂದರು.

"ಬರಂಗಿಲ್ಲ."

"ಮತ್ತ ವಿರೂಪಾಕ್ಷಿ ಏನ್ ತಿಂತಿದ್ದ?"

"ಬೇಕಂದಾಗ ಹೊರಗ ತಿಂತಿದ್ದ."

"ಪಾಪ" ಅಂದರು. ಯಾರಿಗೆ ಅಂದರೋ.

ಕೆಮ್ಮು ಸಣ್ಣದಲ್ಲ. ಕಫದ ಬಣ್ಣ ಏನು ಎಂದು ಕೇಳಿದೆ. ಹೇಳಲಿಲ್ಲ. ಬಚ್ಚಲಿಗೆ ಹೋಗಿ ಉಗುಳಿ ಚೊಂಬುಗಟ್ಟಲೆ ನೀರು ಸುರಿದು ಬಂದರು. ಅಂಚಿನಲ್ಲಿ ಉಳಿದದ್ದನ್ನು ಆಮೇಲೆ ನೋಡಿದೆ. ಹಸಿರು.

ಜೂನ್ ೨೦, ಗುರುವಾರ

ಎದೆ ಡಾಕ್ಟರು ಸ್ಕ್ಯಾನ್ ತೋರಿಸಿದರು. ಯಾವ ಕಾಲದಲ್ಲೋ ಬಂದುಹೋದ ಕ್ಷಯ. ಅದರ ಮೇಲೆ, ಸಿರುಗುಪ್ಪದ ಅಕ್ಕಿ ಗಿರಣಿಯ ಅಂಗಳದಲ್ಲಿ ವರ್ಷಾನುಗಟ್ಟಲೆ ಹೊಟ್ಟಿನ ದೂಳು ಗುಡಿಸಿದ್ದು. ಶ್ವಾಸನಾಳಗಳು ಹಿಗ್ಗಿ ಚೀಲದಂತೆ ಜೋತುಬಿದ್ದಿವೆ. ಅಲ್ಲಿ ಕಫ ನಿಲ್ಲುತ್ತದೆ, ನಿಂತಲ್ಲಿ ಜೀವಾಣು ಊರು ಕಟ್ಟುತ್ತವೆ. ವಾಸಿಯಾಗುವಂಥದ್ದಲ್ಲ, ಹಿಡಿತದಲ್ಲಿಡಬಹುದು ಅಂದರು.

ಕಫದ ಸ್ಯಾಂಪಲ್ಲನ್ನು ನಾನು ಕೆಲಸ ಮಾಡುವ ಲ್ಯಾಬಿಗೇ ಒಯ್ದು ಜೀವಾಣು ಬೆಳೆಸುವ ಪ್ಲೇಟಿಗೆ ನಾನೇ ಹಚ್ಚಿದ್ದೆ. ಇವತ್ತು ಮುಚ್ಚಳ ತೆಗೆದರೆ ಪ್ಲೇಟಿನ ತುಂಬ ಹಸಿರು, ಮಾಗಿದ ದ್ರಾಕ್ಷಿಯ ವಾಸನೆ. ಸ್ಯೂಡೋಮೊನಾಸ್. ನನ್ನ ಪಿಎಚ್‌ಡಿಯ ಜೀವಾಣು. ವಿರೂಪಾಕ್ಷಿ ತೀರಿಕೊಂಡ ವರ್ಷ ನಾನು ಅರ್ಧಕ್ಕೆ ಬಿಟ್ಟ ಪಿಎಚ್‌ಡಿ.

ಇವು ಒಂಟಿಯಾಗಿ ಬದುಕುವ ಪೈಕಿಯಲ್ಲ. ನಾನಿಲ್ಲಿದ್ದೇನೆ ಎಂದು ಪ್ರತಿಯೊಂದೂ ಒಂದು ಸಣ್ಣ ರಾಸಾಯನಿಕವನ್ನು ಹೊರಗೆ ಬಿಡುತ್ತದೆ. ಅದು ಸಾಕಷ್ಟು ಸೇರಿದಾಗ ನಾವು ಬಹಳ ಮಂದಿ ಇದ್ದೇವೆಂದು ಎಲ್ಲಕ್ಕೂ ತಿಳಿದು ಒಟ್ಟಿಗೆ ವಿಷ ಕಾರುತ್ತವೆ. ನಮ್ಮ ದೇಹವೋ ಕಬ್ಬಿಣವನ್ನು ಬಚ್ಚಿಟ್ಟುಕೊಂಡಿರುತ್ತದೆ. ಅದನ್ನು ಕಿತ್ತುಕೊಳ್ಳಲು ಇವು ಹಳದಿ ಹಸಿರಿನ ಒಂದು ವಸ್ತುವನ್ನು ತಯಾರಿಸಿ ಹೊರಬಿಡುತ್ತವೆ. ತಯಾರಿಸಿದ್ದು ಯಾರೋ, ಸಿಕ್ಕ ಕಬ್ಬಿಣ ಮಾತ್ರ ಸುತ್ತಲಿನ ಎಲ್ಲರಿಗೂ. ಹಾಗಿರುವಾಗ ತಯಾರಿಸದೆ ತಿನ್ನುವವು ಹುಟ್ಟಿಕೊಳ್ಳದೆ ಇರುತ್ತವೆಯೆ? ನಮ್ಮ ಪುಸ್ತಕಗಳಲ್ಲಿ ಅವುಗಳಿಗೆ ಮೋಸಗಾರರು ಎಂದೇ ಹೆಸರು.

ಊರಿಗೆ ಊರೇ ಅದಿರಿನ ಕೆಂಪು ದೂಳು ಕುಡಿಯುವ ಬಳ್ಳಾರಿಯಲ್ಲಿ, ಒಂದು ಎದೆಯೊಳಗೆ ಕಬ್ಬಿಣಕ್ಕೆ ಇಷ್ಟು ಹೊಡೆದಾಟ.

ಜೂನ್ ೨೩, ಭಾನುವಾರ

ಗೈಡ್ ಶಶಿಕಾಂತ್ ಸರ್‌ಗೆ ಪ್ಲೇಟಿನ ಫೋಟೋ ಕಳಿಸಿದ್ದೆ. ತಕ್ಷಣ ಫೋನ್ ಮಾಡಿದರು.

"ಒಬ್ಬರೇ ರೋಗಿ, ವಾರಕ್ಕೊಂದು ಸ್ಯಾಂಪಲ್, ಆರು ತಿಂಗಳು. ಸೌಂದರ್ಯ, ಇಂಥಾದ್ದು ಮತ್ತ ಸಿಗಂಗಿಲ್ಲ. ಒಂದು ಊರಾಗ ಸಹಕಾರ ಹೆಂಗ ಹುಟ್ಟತೈತಿ, ಹೆಂಗ ಮುರೀತೈತಿ ಅಂತ ಕಣ್ಣಾರೆ ನೋಡಬಹುದು. ಸಮಿತಿ ಅನುಮತಿ ನಾ ನೋಡ್ಕೋತೀನಿ. ರೋಗಿ ಒಪ್ಪಿಗಿ ನೀವು ತಗೋರಿ."

ಔಷಧಿ ಮುಗಿಯುವ ತನಕ ಇಲ್ಲೇ ಇರಲಿ ಎಂದು ನಾಗಲಕ್ಷ್ಮಿಗೆ ಹೇಳಿದೆ. ಅವಳು ಫೋನಿನಲ್ಲೇ ಅತ್ತಳು. "ನಿನಗ ಪುಣ್ಯ ಬರ್ತೈತಿ ಅತ್ತಿಗಿ."

ಪುಣ್ಯಕ್ಕೆ ಇಟ್ಟುಕೊಂಡದ್ದಲ್ಲ. ಇಲ್ಲಿಯಾದರೂ ಸರಿಯಾಗಿ ಬರೆದಿರಲಿ.

ಜುಲೈ ೬, ಶನಿವಾರ

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ: ಮಂಚದ ಅಂಚಿಗೆ ತಲೆ ತಗ್ಗಿಸಿ ಬೋರಲು ಮಲಗಿಸಬೇಕು, ಅಂಗೈ ಬಟ್ಟಲು ಮಾಡಿ ಬೆನ್ನಿನ ಮೇಲೆ ತಟ್ಟಬೇಕು. ಕಫ ಸಡಿಲಾಗಿ ಹೊರಬರಬೇಕು. ಇದಕ್ಕೆಂದೇ ಗೊತ್ತುಮಾಡಿದ್ದ ನರ್ಸಮ್ಮ ಇವತ್ತಿನಿಂದ ಬರುವುದಿಲ್ಲವಂತೆ. ನಾನೇ ಮಾಡಿದೆ.

ಮುಟ್ಟಿಸಿಕೊಳ್ಳಲು ಅವರಿಗೂ ಮನಸ್ಸಿರಲಿಲ್ಲ. ಬೆನ್ನನ್ನು ಹಲಗೆಯ ಹಾಗೆ ಬಿಗಿ ಹಿಡಿದಿದ್ದರು. ಚರ್ಮದಡಿಗೆ ಪಕ್ಕೆಲುಬು ಕೈಗೆ ತಗಲುತ್ತದೆ. ನಾನು ಮೆಲ್ಲಗೆ ತಟ್ಟುತ್ತಿದ್ದೆನೋ ಏನೋ, ಮುಖ ಕೆಳಗೆ ಮಾಡಿದವರೇ ಅಂದರು:

"ಜೋರಾಗಿ ತಟ್ರಿ ಮೇಡಮ್ಮೋರ. ಸಿಟ್ಟು ಇದ್ರ ತೀರಿಸ್ಗಳಾಕ ಇದ ಟೈಮು."

ನಗು ಬಂತು. ಕೆಮ್ಮಿದ ಹಾಗೆ ಮಾಡಿ ಮುಚ್ಚಿಕೊಂಡೆ.

ಜುಲೈ ೧೯, ಶುಕ್ರವಾರ

ಲ್ಯಾಬಿಗೆ ಹೊರಡುವ ಹೊತ್ತಿಗೆ ನೋಡಿದರೆ ಸ್ಯಾಂಪಲ್ ಡಬ್ಬಿ ತೊಳೆದು ಬೋರಲು ಹಾಕಿದ್ದಾರೆ.

"ಎಲ್ಲಿ ಅದು?"

"ಚೆಲ್ಲಿದೆ."

"ಯಾಕ ಚೆಲ್ಲಿದ್ರಿ?"

"ವಾರ ವಾರ ನನ್ನ ಉಗುಳು ಡಬ್ಬ್ಯಾಗ ಹಾಕ್ಕಂಡು ಹೋಗ್ತಿ. ಔಷಧ ಬರದು ಕೊಟ್ಟಾರ, ನುಂಗಾಕತ್ತೀನಿ. ಇನ್ನ ಯಾಕ ಒಯ್ತಿ? ಅದ್ರಾಗ ನಿನಗೇನ್ ಬರ್ತೈತಿ? ಅದನ್ನ ಹೇಳು ಮದ್ಲು."

ಒಪ್ಪಿಗೆಯ ಹೆಬ್ಬೆಟ್ಟು ಹಾಕಿಸಿಕೊಂಡ ದಿನ ಎಲ್ಲವನ್ನೂ ಓದಿ ಹೇಳಿದ್ದೆ. ಓದುವ ದನಿಯಲ್ಲಿ ಹೇಳಿದ್ದೆ, ಅಷ್ಟೇ. ಬಸ್ಸಿನಲ್ಲಿ ನಿಲುಗಡೆ ಕೂಗುವ ಹಾಗೆ.

ಚಪ್ಪಲಿ ಬಿಟ್ಟು ಬಂದು ಅವರೆದುರಿಗೆ ನೆಲದ ಮೇಲೆ ಕೂತೆ. "ನನಗ ಪದವಿ ಬರ್ತೈತಿ" ಅಂದೆ. "ನಿಮಗ ಏನೂ ಬರಂಗಿಲ್ಲ. ಮುಂದ ಯಾರಿಗಾದ್ರೂ ಉಪಯೋಗ ಆಗಬಹುದು, ಆಗದನೂ ಇರಬಹುದು."



"ಅವ್ನು ಅಂತಿದ್ದ, ಆಕಿ ದೊಡ್ಡ ಓದು ಓದಾಕತ್ಯಾಳ ಅವ್ವಾ ಅಂತ. ಇದೇನು ಆ ಓದು?"

"ಹೂಂ."

"ಇಷ್ಟು ಹೇಳಿದ್ರ ಆಗ್ತಿತ್ತಲ್ಲ" ಅಂದರು. ಎದ್ದು ಡಬ್ಬಿ ತೆಗೆದುಕೊಂಡು ಬಚ್ಚಲಿಗೆ ಹೋದರು. ಬಹಳ ಕಷ್ಟಪಟ್ಟು ಕೆಮ್ಮಿದ್ದು ಕೇಳಿಸಿತು. ಹೊರಗೆ ಬಂದು, "ತಗಾ, ಇವತ್ತಿಂದು ಗಟ್ಟಿ ಐತಿ."

ತಾಯಿಯ ಹತ್ತಿರ ಅವನು ನನ್ನ ಓದಿನ ಮಾತು ಆಡುತ್ತಿದ್ದನೆಂದು ನನಗೆ ಗೊತ್ತಿರಲಿಲ್ಲ.

ಆಗಸ್ಟ್ ೧೧, ಭಾನುವಾರ

ಮಾರೆಮ್ಮ ಇವತ್ತು ತಾನಾಗಿಯೇ ಕೇಳಿದಳು, ಅವು ನೋಡಾಕ ಹೆಂಗಿರ್ತಾವು ಅಂತ. ನೇರಳೆ ಬೆಳಕಿನಡಿ ತೆಗೆದಿದ್ದ ಫೋಟೋವನ್ನು ಫೋನಿನಲ್ಲಿ ತೋರಿಸಿದೆ. ಕತ್ತಲೆಯಲ್ಲಿ ಹೊಳೆಯುವ ಹಸಿರು ಚುಕ್ಕೆಗಳು, ನಡುನಡುವೆ ಹೊಳೆಯದ ಕೆಲವು.

"ಹೊಳ್ಯಾವು ದುಡಿಯಾವು. ಕಬ್ಬಿಣ ತರೋ ಸಾಮಾನು ಅವ ಮಾಡ್ತಾವು. ಕಪ್ಪಗ ಕುಂತಾವಲ್ಲ, ಅವು ಮಾಡಂಗಿಲ್ಲ, ತಿಂತಾವು. ಹೋದ ತಿಂಗಳು ಇಷ್ಟು ಕಪ್ಪು ಇದ್ದಿಲ್ಲ."

"ಕುಂತು ತಿನ್ನಾವು ಹೆಚ್ಚಾದ್ರ?"

"ಊರು ಬಡವಾಗ್ತೈತಿ. ಒಮ್ಮೊಮ್ಮಿ ಊರ ಮುಳುಗ್ತೈತಿ."

"ಹಂಗಾದ್ರ ನನಗ ಒಳ್ಳೇದ ಆತಲ್ಲ."

ಇಬ್ಬರೂ ನಕ್ಕೆವು. ಆಕೆಗೆ ನಕ್ಕರೆ ಕೆಮ್ಮು ಬರುತ್ತದೆ. ಕೆಮ್ಮು ನಿಂತ ಮೇಲೆ ಹೇಳಿದಳು:

"ರಾರಾವಿ ಕಡೆ ನಾಟಿ ಹಚ್ಚಾಕ ಹೋಗ್ತಿದ್ವಿ. ಗುಂಪಿನಾಗ ಸಾವಂತ್ರಮ್ಮ ಅಂತ ಒಬ್ಬಾಕಿ. ಬಗ್ಗಿದಂಗ ಮಾಡ್ತಿದ್ಲು, ಕೈ ಆಡ್ತಿದ್ದಿಲ್ಲ. ಆಕಿ ಸಾಲು ನಾವ ಅತ್ಲಾಗ ಇತ್ಲಾಗಿಂದ ಮುಗಿಸ್ತಿದ್ವಿ."

"ಬೈಲಿಲ್ಲೇನು?"

"ಬೈದ್ವಿ. ಬೈಯದ ಬಿಡ್ತೀವೇನು? ಕೂಲಿ ಎಲ್ರಿಗೂ ಒಂದ ಅಲ್ಲೇನು? ಆಮ್ಯಾಲ ಗೊತ್ತಾತು, ಆಕಿ ಹೊಟ್ಯಾಗ ಗಡ್ಡಿ ಇತ್ತಂತ. ಆ ಸುಗ್ಗಿ ದಾಟಲಿಲ್ಲ. ಬೈದಿದ್ದು ಹಂಗ ಉಳೀತು ನೋಡು, ನಮ್ಮ ಬಾಯಾಗ."

ನನ್ನ ಜೀವಾಣುಗಳಿಗೆ ಹೀಗೆ ಉಳಿಯುವಂಥದ್ದು ಏನೂ ಇಲ್ಲ. ಅವು ಮಾಡಿದ್ದನ್ನು ಸುತ್ತಲಿನವರಿಗೆ ಬಿಡುತ್ತವೆ, ಯಾಕೆಂದರೆ ಸುತ್ತ ಇರುವವು ಬಹುಮಟ್ಟಿಗೆ ತಮ್ಮದೇ ಒಡಹುಟ್ಟು. ರಕ್ತದ ಲೆಕ್ಕ, ಅಷ್ಟೇ. ಬೇರೆ ವಂಶದವು ಎದುರಾದರೆ ವಿಷ ಹಾಕುತ್ತವೆ.

ಫೋಟೋ ಇನ್ನೊಮ್ಮೆ ತೋರಿಸು ಅಂದಳು. ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಳು. "ಚಂದ ಅದಾವು ಮುಂಡೇವು" ಅಂದಳು.

ಸೆಪ್ಟೆಂಬರ್ ೧೪, ಶನಿವಾರ

ಮಾರ್ಕೆಟ್ಟಿನಲ್ಲಿ ಹೊಳೆಮೀನು ಸಿಕ್ಕಿತು. ಅತ್ತೆ ಬಾಗಿಲಿಗೆ ಒರಗಿ ನಿಂತು ಹೇಳುತ್ತ ಹೋದಳು, ನಾನು ಹುಣಸೆಹಣ್ಣು ಕಿವುಚಿದೆ, ಖಾರ ಅರೆದೆ. ಮೀನು ತೊಳೆಯುವಾಗ ಮೊದಲು ವಾಕರಿಕೆ ಬಂತು, ಆಮೇಲೆ ಬರಲಿಲ್ಲ. ಸಾರು ಅಷ್ಟೊಂದು ಚೆನ್ನಾಗಿರಲಿಲ್ಲವಂತೆ. ಎರಡು ಸಲ ಹಾಕಿಸಿಕೊಂಡಳು. ನಾನು ಎದುರಿಗೆ ಕೂತು ಮೊಸರನ್ನ ಉಂಡೆ.

ಮೈ ಸ್ವಲ್ಪ ಕೈಗೆ ಹತ್ತಿದೆ. ಗೇಟಿನ ತನಕ ನಡೆದು ಬರುತ್ತಾಳೆ. ಹೊಳೆಯದವು ಪ್ಲೇಟಿನಲ್ಲಿ ಅರ್ಧದಷ್ಟಾಗಿವೆ. ಜ್ವರ ಬಾರದೆ ತಿಂಗಳಾಯಿತು. ಡಾಕ್ಟರಿಗೂ ಸಮಾಧಾನ.

ಇನ್ನು ಕುರುಗೋಡಿಗೆ ಬರ್ತಿಯೇನು ಎಂದು ನಾಗಲಕ್ಷ್ಮಿ ಫೋನಿನಲ್ಲಿ ಕೇಳಿದಳು. ಅತ್ತೆ ನನ್ನ ಕಡೆ ನೋಡದೆ ಹೇಳಿದಳು, "ಸೌಂದರ್ಯಂದು ಓದು ಇನ್ನ ಮುಗಿದಿಲ್ಲ. ನಾ ಬಂದ್ರ ಹೆಂಗ?"

ಅಕ್ಟೋಬರ್ ೫, ಶನಿವಾರ

ಸಂಜೆ ಬೆನ್ನು ತಟ್ಟುತ್ತಿದ್ದೆ. ಮುಖ ಕೆಳಗಾಗಿ ಮಲಗಿದ್ದವಳು ನೆಲಕ್ಕೆ ಹೇಳುವ ಹಾಗೆ ಶುರುಮಾಡಿದಳು.

"ಅವತ್ತು ಅವ್ನು ಸಿರುಗುಪ್ಪಕ್ಕ ಯಾಕ ಬಂದಿದ್ದ, ಗೊತ್ತೇನು ನಿನಗ?"

"ನಿನ್ನ ನೋಡಾಕ."

"ಕರ್ಕಂಡು ಹೋಗಾಕ ಬಂದಿದ್ದ. ಈ ಮನಿಗಿ. ಮೂರು ಮಂದಿ ಒಂದ ಕಡಿ ಇರಾನು ಅವ್ವಾ, ಸೌಂದರ್ಯಗ ನಾ ಹೇಳ್ತೀನಿ, ಆಕಿ ಒಲ್ಲೆ ಅನ್ನಂಗಿಲ್ಲ ಅಂದ. ಆಕಿ ಬಾಗ್ಲಾಗ ನಾ ಕಾಲಿಡಂಗಿಲ್ಲ ಅಂದೆ ನಾನು. ಉಣ್ಣಾಕ ಕುಂತಿದ್ದ. ಕೈ ತೊಳ್ಕಂಡು ಎದ್ದ. ನಾ ತಡೀಲಿಲ್ಲ ಸೌಂದರ್ಯ. ಬೈಕು ಹೊಂಟಿದ್ದು ಕೇಳಿಸ್ತು, ಹೊರಗ ಸೈತ ಬರ್ಲಿಲ್ಲ ನಾನು."

ನನ್ನ ಕೈ ನಿಂತುಹೋಗಿತ್ತು.

"ತಟ್ಟು" ಅಂದಳು.

ತಟ್ಟಿದೆ. ಬೆನ್ನು ನಡುಗುತ್ತಿತ್ತು, ನನ್ನ ಕೈಯಿಂದಲ್ಲ.

ಆಕಿ ಒಲ್ಲೆ ಅನ್ನಂಗಿಲ್ಲ ಅಂದನಂತೆ. ನನ್ನನ್ನು ಕೇಳಿಯೇ ಇರಲಿಲ್ಲ ಅವನು. ಕೇಳಿದ್ದರೆ ಏನನ್ನುತ್ತಿದ್ದೆ? ಗೊತ್ತಿಲ್ಲ. ಅಷ್ಟು ಧೈರ್ಯವಾಗಿ ಹೇಳಿ ಬಂದಿದ್ದನಲ್ಲ, ನನ್ನಲ್ಲಿ ಏನು ಕಂಡಿದ್ದನೋ.

ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು ನಿಂತು ಅವನ ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತಿದ್ದಳು. ಬೀಳುತ್ತೀ ಎಂದು ಗದರಿಸಿ ಇಳಿಸಿದೆ.

ಅಕ್ಟೋಬರ್ ೨೧, ಸೋಮವಾರ

ಪ್ಲೇಟಿನಲ್ಲಿ ಹಸಿರಿಲ್ಲ.

ಬಿಳಿ. ಲೋಳೆ ಲೋಳೆ. ಓರೆ ಮಾಡಿದರೆ ಜಾರುವ ಗುಡ್ಡೆಗಳು. ಈ ಊರು ಬದಲಾಗಿದೆ. ಒಂದಕ್ಕೊಂದು ಕೂಗುವುದನ್ನು ಬಿಟ್ಟಿವೆ, ವಿಷ ಕಾರುವುದನ್ನು ಬಿಟ್ಟಿವೆ, ಲೋಳೆಯ ಕೋಟೆ ಕಟ್ಟಿಕೊಂಡು ಒಳಗೆ ಕೂತಿವೆ. ದಾಳಿ ಮಾಡಿದವು ಒಕ್ಕಲಾಗಿವೆ. ಜಗಳದಿಂದ ಮೋಸ, ಮೋಸದಿಂದ ರಾಜಿ. ಒಂದೇ ಎದೆ, ನಾಲ್ಕು ತಿಂಗಳು, ಎಲ್ಲವೂ ಸಾಲಾಗಿ ನನ್ನ ಕೈಯಲ್ಲಿದೆ. ಫೋನಿನಲ್ಲಿ ಶಶಿಕಾಂತ್ ಸರ್ ಕುಣಿದಾಡಿದರು. ನಾನೂ ಕುಣಿದೆ.

ಬೇರೆ ಬೇರೆ ಔಷಧಿಯ ಬಿಲ್ಲೆಗಳನ್ನು ಇಟ್ಟಿದ್ದ ಪ್ಲೇಟನ್ನು ಆಮೇಲೆ ನೋಡಿದೆ. ಔಷಧಿಗೆ ಬಗ್ಗಿದರೆ ಬಿಲ್ಲೆಯ ಸುತ್ತ ಖಾಲಿ ಜಾಗ ಕಾಣಬೇಕು. ಕಾಣಲಿಲ್ಲ. ಒಂದರ ಸುತ್ತ ಮಾತ್ರ, ಉಗುರಿನಷ್ಟು.

ಮನೆಗೆ ಬಂದಾಗ ಅವ್ವ ಬಚ್ಚಲಲ್ಲಿ ಕೂತಿದ್ದಳು. ಎರಡೂ ಕೈಯಲ್ಲಿ ರಕ್ತ ಹಿಡಿದುಕೊಂಡಿದ್ದಳು, ಎಲ್ಲಿ ಚೆಲ್ಲಲಿ ಎಂದು ಗೊತ್ತಾಗದೆ.

ಅಕ್ಟೋಬರ್ ೨೪

ಆಸ್ಪತ್ರೆ. ಉಳಿದ ಆ ಒಂದು ಔಷಧಿ ನರಕ್ಕೆ ಕೊಡುತ್ತಿದ್ದಾರೆ. ಅದು ಮೂತ್ರಪಿಂಡವನ್ನು ಕೆಡಿಸಬಹುದು, ಕೊಡದೆ ವಿಧಿಯಿಲ್ಲ.

ನಾನು ರಾಜಿ ಎಂದು ಬರೆದೆನಲ್ಲ. ರಾಜಿಯಾದದ್ದು ಅವು ಮಾತ್ರ. ದೇಹಕ್ಕೆ ಅದು ಗೊತ್ತಿಲ್ಲ. ಅವುಗಳನ್ನು ಅಟ್ಟಲು ಅದು ಹೋಗುತ್ತಲೇ ಇರುತ್ತದೆ, ಹೋಗಿ ಹೋಗಿ ತನ್ನ ಗೋಡೆಗಳನ್ನೇ ಕೆಡವಿಕೊಳ್ಳುತ್ತದೆ. ಓದಿದ ವಿಷಯವೇ. ಸೋಮವಾರ ನೆನಪಾಗಲಿಲ್ಲ.

ನವೆಂಬರ್ ೧

ದೀಪಾವಳಿ. ವಾರ್ಡಿನ ಕಿಟಕಿಯಿಂದ ಬೆಟ್ಟದ ಕೋಟೆಯ ಮೇಲಿನ ಬಿಸಿಲು ಕಾಣುತ್ತಿತ್ತು. ಅವ್ವ ಎರಡು ತುತ್ತು ಉಂಡಳು.

ನವೆಂಬರ್ ೯

ಜ್ವರ.

ನವೆಂಬರ್ ೧೭, ಭಾನುವಾರ

ಇವತ್ತು ಎಚ್ಚರವಿದ್ದಳು. ತಲೆ ಬಾಚು ಅಂದಳು. ಬಾಚಿ ಹೆರಳು ಹಾಕಿದೆ, ಇಲಿಬಾಲದಷ್ಟು. ಪಕ್ಕದ ಹಾಸಿಗೆಯ ಹೆಂಗಸು "ಮಗಳೇನು?" ಎಂದು ಕೇಳಿದಳು. ಅವ್ವನಿಗೆ ಉಸಿರು ಸಾಲಲಿಲ್ಲ, ಕೈ ಅಲ್ಲಾಡಿಸಿದಳು. ಹೌದು ಎಂದೋ, ಅಲ್ಲ ಎಂದೋ.

ನವೆಂಬರ್ ೨೬, ಮಂಗಳವಾರ

ಸ್ಯಾಂಪಲ್ ಯಾಕೆ ನಿಂತಿದೆ ಎಂದು ಶಶಿಕಾಂತ್ ಸರ್ ಕೇಳಿದರು. ಮರೆತೆ ಎಂದೆ. ಅವರಿಗೆ ಸಿಟ್ಟು ಬಂದಿರಬೇಕು. ಆದರೆ ನಿಜವಾಗಿ ಮರೆತಿದ್ದೆ, ಆಸ್ಪತ್ರೆಗೆ ಬಂದ ದಿನದಿಂದ.

ವಿಚಿತ್ರವೆಂದರೆ ಸಂಜೆ ಅವ್ವನೂ ಅದನ್ನೇ ಕೇಳಿದಳು. ಆಕ್ಸಿಜನ್ ಮುಖವಾಡ ಸರಿಸಿ, "ಡಬ್ಬಿ ಎಲ್ಲೈತಿ ಲೇ? ಎಷ್ಟ್ ದಿನ ಆತು, ಒಯ್ದಿಲ್ಲ."

"ಬ್ಯಾಡ ಬಿಡವ್ವ. ಸಾಕಷ್ಟು ಆಗ್ಯಾವು."

"ಬ್ಯಾಡ ಅನ್ನಾಕ ನೀನ್ಯಾರು? ತಾ."

ಒಂದು ಚಮಚದಷ್ಟು ಬರಲು ಎಷ್ಟು ಹೊತ್ತಾಯಿತೋ. ನಾನು ತಲೆ ಹಿಡಿದುಕೊಂಡಿದ್ದೆ. ಮುಚ್ಚಳವನ್ನು ತಾನೇ ತಿರುಗಿಸಲು ನೋಡಿದಳು, ಬೆರಳಲ್ಲಿ ಶಕ್ತಿಯಿರಲಿಲ್ಲ.

ಡಿಸೆಂಬರ್ ೩, ಮಂಗಳವಾರ

ಔಷಧಿ ಹಿಡಿಯಲಿಲ್ಲ. ಮೂತ್ರಪಿಂಡವೂ ಸೋಲುತ್ತಿದೆ. ಗಂಟಲಿಗೆ ಕೊಳವೆ ಹಾಕಿ ಯಂತ್ರದ ಮೇಲಿಡಬಹುದು, ಇಟ್ಟರೆ ಅಲ್ಲಿಂದ ಇಳಿಯುವುದು ಕಷ್ಟ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನಾಗಲಕ್ಷ್ಮಿಯೂ ತಿಪ್ಪೇಸ್ವಾಮಿಯೂ ಬಂದಿದ್ದರು. ಯಂತ್ರ ಬೇಡ ಎಂಬುದಕ್ಕೆ ಮೂವರೂ ಒಪ್ಪಿದೆವು. ಎಲ್ಲಿಗೆ ಒಯ್ಯುವುದು ಎನ್ನುವಲ್ಲಿ ಮಾತು ಬೆಳೆಯಿತು.

"ನಮ್ಮನಿಗಿ ಕರ್ಕಂಡು ಹೋಗೋಣು. ಆಕಿ ಹಾಸಿಗಿ ಅಲ್ಲೇ ಐತಿ" ಅಂದೆ.

"ಇಲ್ಲ ಅತ್ತಿಗಿ. ಕುರುಗೋಡಿಗಿ ಒಯ್ತೀನಿ. ನಮ್ಮತ್ತಿಗಿ ನಾದುನಿ ಬಂದಾಳ ನೋಡ್ಕಳಾಕ. ಸಾಯೂಮುಂದ ಮಗಳತ್ರ ಇಲ್ದಿದ್ರ ಮಂದಿ ಏನಂತಾರ? ನೀನು ಬಾಳ ಮಾಡಿದಿ, ಇಲ್ಲ ಅನ್ನಂಗಿಲ್ಲ. ಆದ್ರ ಹೆಂಗ ನೋಡಿದ್ರೂ…" ಮುಗಿಸಲಿಲ್ಲ. ಮುಗಿಸಿದವನು ತಿಪ್ಪೇಸ್ವಾಮಿ: "ಆಕಿ ಉಗುಳಿನ ಮ್ಯಾಲ ನೀವು ಪದವಿ ತಗಂತೀರಂತ. ಅದಕ್ಕ ಇಟ್ಗಂಡಿದ್ರಿ. ನಮಗೂ ತಿಳಿತೈತಿ."

ಸುಳ್ಳು ಎಂದು ಹೇಳಲು ಬರಲಿಲ್ಲ. ಜೂನ್ ತಿಂಗಳಲ್ಲಿ ಕೇಳಿದ್ದರೆ ಪೂರಾ ನಿಜವಾಗಿತ್ತು.

ಅವ್ವನನ್ನೇ ಕೇಳಿದೆವು. ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಎಲ್ಲಿ ಆದ್ರೇನು" ಅಂದು ಕಣ್ಣು ಮುಚ್ಚಿದಳು.

ನಾಗಲಕ್ಷ್ಮಿಗೆ ಬೆನ್ನು ತಟ್ಟುವುದನ್ನು ಹೇಳಿಕೊಟ್ಟೆ. ಅಂಗೈ ಚಪ್ಪಟೆ ಇಡಬೇಡ, ಬಟ್ಟಲು ಮಾಡು. ಮೂಳೆಯ ಮೇಲೆ ಬೇಡ. ಹೆದರಬೇಡ, ಆಕಿಗಿ ನೋವಾಗಂಗಿಲ್ಲ. ಆಂಬುಲೆನ್ಸಿನ ಬಾಗಿಲು ಹಾಕಿಕೊಂಡಿತು.

ಡಿಸೆಂಬರ್ ೮, ಭಾನುವಾರ

ಕುರುಗೋಡಿಗೆ ಹೋಗಿದ್ದೆ. ಅವಳನ್ನು ಬಿಸಿಲು ಬೀಳುವ ಕಡೆ, ಬೆಟ್ಟ ಕಾಣುವ ಪಡಸಾಲೆಯಲ್ಲಿ ಮಲಗಿಸಿದ್ದಾರೆ. ಚೊಕ್ಕಟವಾಗಿ ನೋಡಿಕೊಂಡಿದ್ದಾರೆ. ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದಳು.

"ಡ್ಯೂಟಿ ಬಿಟ್ಟು ಬಂದ್ಯೇನು?"

"ಇವತ್ತು ಐತವಾರ, ಅವ್ವ."

"ಹಂಗಾದ್ರ ಕುಂದ್ರು."

ಬಸ್ಸಿನ ಹೊತ್ತಿನ ತನಕ ಕೂತಿದ್ದೆ.

ಡಿಸೆಂಬರ್ ೧೩

ಬೆಳಿಗ್ಗೆ ಫೋನ್ ಬಂತು. ಅವ್ವ ಹೋದಳು.

ಡಿಸೆಂಬರ್ ೧೬, ಸೋಮವಾರ

ಮೊನ್ನೆ ಸಿರುಗುಪ್ಪದಲ್ಲಿ, ಮಗನ ಪಕ್ಕಕ್ಕೆ ಮಣ್ಣು ಮಾಡಿದೆವು. ಗದ್ದೆ ಕೊಯ್ಲಾಗಿತ್ತು, ಗಿರಣಿಗಳೆಲ್ಲ ಓಡುತ್ತಿದ್ದವು, ಗಾಳಿಯಲ್ಲಿ ಹೊಟ್ಟು. ಅವಳ ಜೊತೆ ನಾಟಿ ಹಚ್ಚುತ್ತಿದ್ದ ಮುದುಕಿಯರು ಬಂದಿದ್ದರು. ಇಕಿ ಯಾರು ಎಂದು ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಕೇಳಿದಳು. ಉತ್ತರ ನನಗೆ ಕೇಳಿಸಲಿಲ್ಲ.

ನಾಗಲಕ್ಷ್ಮಿ ಅಳಲಿಲ್ಲ. ಎಲ್ಲರಿಗೂ ನೀರು ಕೊಟ್ಟಳು, ಮಕ್ಕಳನ್ನು ಹಿಡಿದುಕೊಂಡಳು. ನನ್ನ ಸರದಿ ಬಂದಾಗ ನಾನೂ ಮಣ್ಣು ಹಾಕಿದೆ. ಯಾರೂ ಕೈ ತೋರಿಸಲಿಲ್ಲ.

ಇದನ್ನು ಬರೆಯಲು ಮೂರು ಸಲ ಕೂತೆ.

ಜನವರಿ ೪, ಶನಿವಾರ

ಮಧ್ಯಾಹ್ನ ನಾಗಲಕ್ಷ್ಮಿ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಅವ್ವನ ಸಾಮಾನು ಒಯ್ಯಲು ಬಂದವಳು, ಮನೆಗೆ ಬೀಗ ಇದ್ದದ್ದು ನೋಡಿ ಆಟೋದವನನ್ನು ಕೇಳಿಕೊಂಡು ಇಲ್ಲಿಗೇ ಬಂದಿದ್ದಾಳೆ.

"ಇಲ್ಲೇನು ಇಟ್ಟೀದಿ ನಮ್ಮವ್ವಂದು? ತೋರ್ಸು."

ಜಗಳಕ್ಕೆ ಬಂದಳೇನೋ ಅಂದುಕೊಂಡೆ. ಆದರೂ ಒಳಗೆ ಕರೆದುಕೊಂಡು ಹೋಗಿ, ಕೋಟು ತೊಡಿಸಿದೆ. ನವೆಂಬರಿನ ಆ ಕೊನೆಯ ಸ್ಯಾಂಪಲ್ಲಿನ ಪ್ಲೇಟು ತಂಪು ಪೆಟ್ಟಿಗೆಯಲ್ಲಿ ಹಾಗೇ ಇತ್ತು. ಕೆಲಸಕ್ಕೆ ಬೇಕಾದಷ್ಟನ್ನು ಬೇರೆ ತೆಗೆದು ಹಿಮದಲ್ಲಿ ಇಟ್ಟಾಗಿದೆ, ಪ್ಲೇಟಿನ ಅಗತ್ಯವೇನೂ ಇಲ್ಲ. ಇಷ್ಟು ದಿನ ಯಾಕೆ ಎಸೆದಿಲ್ಲ ಎಂದು ಯಾರೂ ಕೇಳಿರಲಿಲ್ಲ. ಮುಚ್ಚಳದ ಮೇಲಿಂದಲೇ ತೋರಿಸಿದೆ.

"ಇದ ಏನು ನಮ್ಮವ್ವನ್ನ ತಿಂದಿದ್ದು?"

"ಹೂಂ."

"ಜೀವ ಐತೇನು ಇನ್ನ?"

"ಐತಿ."

"ಆಕಿ ಎದ್ಯಾಗ ಇದ್ದವು?"

"ಆಕಿ ಜೋಡಿನ ಹೋದ್ವು. ಅವಕ್ಕ ಬ್ಯಾರೆ ಮನಿ ಇದ್ದಿಲ್ಲ."

ಬಹಳ ಹೊತ್ತು ಬಗ್ಗಿ ನೋಡಿದಳು. ಅವಳ ಉಸಿರಿಗೆ ಮುಚ್ಚಳ ಮಂಜಾಯಿತು. "ಎಂಥ ದಡ್ಡ ಮುಂಡೇವು" ಅಂದಳು. ಆಮೇಲೆ, "ಇದನ್ನೇನು ಮಾಡ್ತಿ?"

"ಬೇಯಿಸಿ ಕೊಲ್ಲಬೇಕು. ಹಂಗ ಎಸಿಯಾಕ ಬರಂಗಿಲ್ಲ."

"ಮಾಡು ಹಂಗಾದ್ರ. ನಾ ಇರ್ತೀನಿ."

ಪ್ಲೇಟನ್ನು ಚೀಲದಲ್ಲಿ ಹಾಕಿ, ಬೇಯಿಸುವ ಯಂತ್ರದೊಳಗಿಟ್ಟು, ತಿರುಪು ಬಿಗಿದು, ಸ್ವಿಚ್ ಹಾಕಿದೆ. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಒಳಗೆ ಹಬೆ ಏರುವ ಸದ್ದು. ನಾಗಲಕ್ಷ್ಮಿ ಕೋಟಿನ ಗುಂಡಿಯನ್ನು ತಿರುಗಿಸುತ್ತ ಕೂತಿದ್ದಳು.

"ಅತ್ತಿಗಿ, ಒಂದು ಮಾತು. ಅವ್ವ ಹೋಗೂಮುಂದ ನಿನ್ನ ಹೆಸರು ಕರದ್ಲು ಅಂತ ಹೇಳಾಕ ಬಂದಿದ್ದೆ. ಬಸ್ಸಿನಾಗ ದಾರಿ ತುಂಬ ಅದನ್ನ ಬಾಯಿಪಾಠ ಮಾಡ್ಕಂಡು ಬಂದೆ."

"ಕರೀಲಿಲ್ಲೇನು?"

"ಇಲ್ಲ. ನನ್ನನ್ನೂ ಕರೀಲಿಲ್ಲ. ವಿರೂಪಾಕ್ಷಿ, ವಿರೂಪಾಕ್ಷಿ ಅಂದ್ಲು. ನಾನು ಬಾಜೂಕ ಕುಂತೀನಿ, ಕೈ ಹಿಡ್ಕಂಡೀನಿ, ಆಕಿ ಬಾಗಲ ಕಡಿ ನೋಡ್ತಾಳ."

ಆಮೇಲೆ ಅವಳು ಅತ್ತಳು. ಮಣ್ಣು ಮಾಡಿದ ದಿನ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತಳು. ವರಾಂಡದಲ್ಲಿ ರಿಪೋರ್ಟಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ನೋಡಲಿ ಎಂದು ಬಿಟ್ಟೆ.

"ಒಳ್ಳೇದಾತು" ಅಂದೆ. "ಒಬ್ಬಾಕಿನ ಹೋಗಿಲ್ಲ ಹಂಗಾದ್ರ."

ಅವಳು ನನ್ನ ಮೊಣಕೈ ಹಿಡಿದುಕೊಂಡಳು, ಹಬೆ ಇಳಿಯುವ ತನಕ ಬಿಡಲಿಲ್ಲ.

ಮನೆಗೆ ಕರೆತಂದೆ. ಚೀಲದಲ್ಲಿ ಸೀರೆಗಳನ್ನು ತುಂಬಿಕೊಂಡಳು. ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಕುರುಗೋಡಿನ ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ಹೊರಟ ಮೇಲೆ ಅವಳು ತಲೆ ಹೊರಗೆ ಹಾಕಿ ನನಗೇನೋ ಕೂಗಿ ಕೇಳಿದಳು. ಪಕ್ಕದಲ್ಲೇ ಸಿರುಗುಪ್ಪದ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ, ಏನೂ ಕೇಳಿಸಲಿಲ್ಲ.

ಹೂಂ ಎಂದು ತಲೆಯಾಡಿಸಿದೆ. ಏನು ಕೇಳಿದಳೋ. ಏನೇ ಇರಲಿ, ಹೂಂ ಅಂದಿದ್ದೇನೆ.